ದಾವಣಗೆರೆ ಬಿಸಿಲಲ್ಲೂ ಡೆಸ್ಕ್‌ಟಾಪ್ ಕಾಯದಂತೆ: ಕ್ಯಾಬಿನೆಟ್‌ನ ಗಾಳಿ ದಾರಿ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಫೋಟೋ ಸ್ಟುಡಿಯೋಗಳಲ್ಲಿ ಮದುವೆ ವಿಡಿಯೋಗಳು ರಾಶಿ ಬಿದ್ದಿರುತ್ತವೆ. ಹೊರಗೆ ಮಧ್ಯಾಹ್ನದ ಬಿಸಿಲು 38 ಡಿಗ್ರಿಯ ಹತ್ತಿರ ಇರುತ್ತದೆ. ಕಂಪ್ಯೂಟರ್‌ಗೆ ಜಾಸ್ತಿ ಕೆಲಸ ಬೀಳುವುದೂ ಆಗಲೇ, ಕೋಣೆ ಜಾಸ್ತಿ ಕಾಯುವುದೂ ಆಗಲೇ. ಫ್ಯಾನ್ ಜೋರಾಗಿ ಕೂಗತೊಡಗುತ್ತದೆ, ಅರ್ಧ ಗಂಟೆಯ ರೆಂಡರ್ (ಎಡಿಟ್ ಮಾಡಿದ್ದನ್ನು ಕೊನೆಯ ವಿಡಿಯೋ ಮಾಡುವ ಕೆಲಸ) ಒಂದು ಗಂಟೆ ಎಳೆಯುತ್ತದೆ, ಕೆಲವೊಮ್ಮೆ ಮಷಿನ್ ತಾನಾಗಿ ಆಫ್ ಆಗುತ್ತದೆ. ಗೇಮ್ ಆಡುವ ಇಂಜಿನಿಯರಿಂಗ್ ಹುಡುಗರ ರೂಮಿನಲ್ಲೂ ಇದೇ ಕಥೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಹೋಗುವುದು ಅಂಗಡಿಗೆ, ಹೊಸ ಫ್ಯಾನ್ ತರಲು. ಫ್ಯಾನ್ ಬೇಕಾಗಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಗಾಳಿ ಎಲ್ಲಿಂದ ಒಳಗೆ ಬರುತ್ತಿದೆ, ಯಾವುದರ ಮೇಲೆ ಹಾದು ಎಲ್ಲಿಂದ ಹೊರಗೆ ಹೋಗುತ್ತಿದೆ ಎಂಬುದನ್ನು ನೋಡದೆ ಫ್ಯಾನ್ ಹಾಕಿದರೆ ಬಿಸಿ ಗಾಳಿ ಒಳಗೇ ಸುತ್ತುತ್ತದೆ, ಸದ್ದು ಮಾತ್ರ ಹೆಚ್ಚುತ್ತದೆ. ಮನೆಯಲ್ಲಿ ಎದುರುಬದುರು ಕಿಟಕಿ ಇದ್ದರೆ ತಾನೇ ಗಾಳಿ ಆಡುವುದು? ಕ್ಯಾಬಿನೆಟ್‌ಗೂ ಅದೇ ಲೆಕ್ಕ. ಅದಕ್ಕೇ ಈ ಬರಹದಲ್ಲಿ ಖರ್ಚಿನ ಕೆಲಸಗಳನ್ನು ಹಿಂದಕ್ಕೆ ಇಟ್ಟಿದ್ದೇನೆ. ಮೊದಲ ನಾಲ್ಕು ಹಂತಗಳಿಗೆ ಒಂದು ಸ್ಕ್ರೂಡ್ರೈವರ್, ಒಂದು ಮೆತ್ತನೆಯ ಬ್ರಷ್, ಒಂದು ಕೈ ಬ್ಲೋವರ್, ಒಂದು ಸಣ್ಣ ಥರ್ಮಾಮೀಟರ್ ಮತ್ತು ಒಂದು ಭಾನುವಾರ ಸಾಕು.

1. ಮೊದಲು ಅಳೆಯಿರಿ

ಕೈಯಿಟ್ಟು ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎರಡು ಸಂಖ್ಯೆ ಬೇಕು: ಕೋಣೆಯ ಉಷ್ಣತೆ ಮತ್ತು ಮಷಿನ್ ಒಳಗಿನ ಉಷ್ಣತೆ.

ಕೋಣೆಯದಕ್ಕೆ ಗೋಡೆಗೆ ಹಾಕುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಸಾಕು. ಅದನ್ನು ಕ್ಯಾಬಿನೆಟ್‌ನ ಮುಂಭಾಗದ ಹತ್ತಿರವೇ ಇಡಿ. ಯಾಕೆಂದರೆ ಮಷಿನ್ ಎಳೆದುಕೊಳ್ಳುವುದು ಅಲ್ಲಿನ ಗಾಳಿಯನ್ನು, ಕೋಣೆಯ ಆ ಮೂಲೆಯದನ್ನಲ್ಲ. ಮಷಿನ್ ಒಳಗಿನದಕ್ಕೆ ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್‌ಫೋ (HWiNFO) ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಲಿನಕ್ಸ್‌ನಲ್ಲಿ ಎಲ್ಎಂ-ಸೆನ್ಸರ್ಸ್ ಇದೆ. ಆಮೇಲೆ ನೀವು ದಿನಾ ಮಾಡುವ ಭಾರವಾದ ಕೆಲಸವನ್ನೇ ಓಡಿಸಿ. ವಿಡಿಯೋದವರು ರೆಂಡರ್ ಹಾಕಿ, ಗೇಮ್ ಆಡುವವರು ಗೇಮ್ ಹಾಕಿ. 20ರಿಂದ 30 ನಿಮಿಷ ಬಿಡಿ. ಕ್ಯಾಬಿನೆಟ್‌ನ ತಗಡು, ಹೀಟ್‌ಸಿಂಕ್ (ಚಿಪ್‌ನ ಬಿಸಿ ಹೀರಿಕೊಳ್ಳುವ ಲೋಹದ ರೆಕ್ಕೆಗಳ ಗಟ್ಟಿ) ಎಲ್ಲ ಕಾದು ಒಂದು ಮಟ್ಟಕ್ಕೆ ಬರಲು ಅಷ್ಟು ಹೊತ್ತು ಬೇಕು. ಐದು ನಿಮಿಷದ ಪರೀಕ್ಷೆ ಮೋಸ ಮಾಡುತ್ತದೆ.

ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್ ಇವುಗಳ ಗರಿಷ್ಠ ಉಷ್ಣತೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿಯೊಂದರಿಂದಲೂ ಕೋಣೆಯ ಉಷ್ಣತೆಯನ್ನು ಕಳೆಯಿರಿ. ಉಳಿಯುವ ವ್ಯತ್ಯಾಸವೇ ನಿಮ್ಮ ನಿಜವಾದ ಅಳತೆ. ಡಿಸೆಂಬರ್‌ನಲ್ಲಿ ಕೋಣೆ 24 ಡಿಗ್ರಿ ಇದ್ದಾಗ ಪ್ರೊಸೆಸರ್ 70 ತೋರಿಸಿದರೆ ವ್ಯತ್ಯಾಸ 46. ಏಪ್ರಿಲ್‌ನಲ್ಲಿ ಕೋಣೆ 37 ಇದ್ದಾಗ ಅದೇ ಮಷಿನ್ ಅದೇ ಕೆಲಸಕ್ಕೆ 83ರ ಹತ್ತಿರ ತೋರಿಸುತ್ತದೆ. ಅಲ್ಲಿ ಏನೂ ಕೆಟ್ಟಿಲ್ಲ. ವ್ಯತ್ಯಾಸವೇ 46ರಿಂದ 58ಕ್ಕೆ ಏರಿದ್ದರೆ ಮಾತ್ರ ಎಲ್ಲೋ ಗಾಳಿ ಕಟ್ಟಿದೆ ಎಂದರ್ಥ.

ಎಷ್ಟಾದರೆ ಜಾಸ್ತಿ? ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿಗೆ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಎಎಂಡಿ ರೈಜೆನ್ 7000 ಸರಣಿಯ ಎಕ್ಸ್ ಮಾದರಿಗಳ ಮಿತಿ 95, ಎಕ್ಸ್3ಡಿ ಮಾದರಿಗಳದು 89. ಈ ರೈಜೆನ್ ಎಕ್ಸ್ ಮಾದರಿಗಳು ಪೂರ್ತಿ ಕೆಲಸದಲ್ಲಿ 95ರವರೆಗೂ ಹೋಗುವಂತೆಯೇ ತಯಾರಾಗಿವೆ, ಹಾಗಾಗಿ ಅಲ್ಲಿ ಉಷ್ಣತೆಯ ಜೊತೆಗೆ ಕ್ಲಾಕ್ ಸ್ಪೀಡ್ ಅನ್ನೂ, ಅಂದರೆ ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದೆ ಎಂಬುದನ್ನೂ ನೋಡಿ. ಹಳೇ ಹಾರ್ಡ್‌ಡಿಸ್ಕ್‌ಗಳಿಗೆ ತಯಾರಕರು ಸಾಮಾನ್ಯವಾಗಿ 60 ಡಿಗ್ರಿಯ ಮಿತಿ ಕೊಟ್ಟಿರುತ್ತಾರೆ. ನನ್ನ ಪ್ರಕಾರ 45 ದಾಟಿದರೆ ಎಚ್ಚರವಾಗಬೇಕು, ಗಿರಾಕಿಗಳ ಮದುವೆ ಫೋಟೋಗಳೆಲ್ಲ ಇರುವುದು ಅದರಲ್ಲೇ ಅಲ್ವಾ.

2. ಪಕ್ಕದ ಬಾಗಿಲು ತೆಗೆದು ನೋಡಿ

ಇದಕ್ಕೆ ದುಡ್ಡು ಬೇಡ, ಆದರೆ ಇದರಷ್ಟು ಸ್ಪಷ್ಟವಾಗಿ ರೋಗ ತೋರಿಸುವ ಪರೀಕ್ಷೆ ಬೇರೆ ಇಲ್ಲ. ಕ್ಯಾಬಿನೆಟ್‌ನ ಎಡಬದಿಯ ಬಾಗಿಲು ತೆಗೆದು, ಅದೇ ಕೆಲಸವನ್ನು ಅಷ್ಟೇ ಹೊತ್ತು ಮತ್ತೆ ಓಡಿಸಿ.

ಉಷ್ಣತೆ 5 ಡಿಗ್ರಿಗಿಂತ ಹೆಚ್ಚು ಇಳಿದರೆ ಕ್ಯಾಬಿನೆಟ್‌ಗೆ ಉಸಿರಾಡಲು ಆಗುತ್ತಿಲ್ಲ. ಈ ಬರಹದ 3, 4, 5ನೇ ಹಂತಗಳು ನಿಮಗಾಗಿ. ಒಂದೆರಡು ಡಿಗ್ರಿ ಮಾತ್ರ ಇಳಿದು ಪ್ರೊಸೆಸರ್ ಇನ್ನೂ 90ರ ಮೇಲೇ ಇದ್ದರೆ (ಮೇಲೆ ಹೇಳಿದ ರೈಜೆನ್ ಎಕ್ಸ್ ಮಾದರಿಗಳನ್ನು ಬಿಟ್ಟು) ತೊಂದರೆ ಇರುವುದು ಅದರ ಕೂಲರ್‌ನಲ್ಲೋ, ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಬಿಸಿ ದಾಟಲೆಂದು ಹಚ್ಚುವ ಪೇಸ್ಟ್‌ನಲ್ಲೋ. ಆಗ ಎಷ್ಟು ಫ್ಯಾನ್ ಹಾಕಿದರೂ ದುಡ್ಡು ದಂಡ. ಆಮೇಲೆ ಬಾಗಿಲು ಮುಚ್ಚಿ, ಮುಂದಿನ ಫಲಕವನ್ನು ಮಾತ್ರ ಕಿತ್ತು ಇನ್ನೊಮ್ಮೆ ಓಡಿಸಿ. ಈಗ ಚೆನ್ನಾಗಿ ಇಳಿದರೆ ನಿಮ್ಮ ಕ್ಯಾಬಿನೆಟ್‌ನ ಮುಂಭಾಗವೇ ಗಾಳಿಗೆ ಅಡ್ಡ ನಿಂತಿದೆ. ಮುಂದೆ ಪೂರ್ತಿ ಗಾಜು ಹಾಕಿ, ಬದಿಯಲ್ಲಿ ಎರಡು ಬೆರಳಗಲ ಸಂದು ಬಿಟ್ಟ ಕ್ಯಾಬಿನೆಟ್‌ಗಳಲ್ಲಿ ಇದು ತೀರಾ ಸಾಮಾನ್ಯ. ನೋಡಲು ಚಂದ, ನಮ್ಮ ಊರಿನ ಬೇಸಿಗೆಗೆ ಹೊಂದುವುದಿಲ್ಲ. ಹೊಸದು ಕೊಳ್ಳುವವರು ಜಾಲರಿ ಮುಂಭಾಗದ್ದನ್ನೇ ಕೇಳಿ.

ಬಾಗಿಲು ತೆಗೆದರೆ ತಣ್ಣಗಾಗುತ್ತದೆ ಎಂದು ಹಾಗೇ ಬಿಟ್ಟು ಬಳಸುವವರಿದ್ದಾರೆ. ಮಂಡಕ್ಕಿ ಭಟ್ಟಿಯ ಮಸಿ ಹಾರುವ ಬಡಾವಣೆಯಲ್ಲಿ, ರೈಸ್‌ಮಿಲ್ ಹತ್ತಿರ, ಹೆದ್ದಾರಿ ಬದಿಯಲ್ಲಿ ಹೀಗೆ ಬಿಟ್ಟರೆ ಹೀಟ್‌ಸಿಂಕ್ ಬೇಗ ಕಟ್ಟಿಕೊಳ್ಳುತ್ತದೆ. ಹಲ್ಲಿ, ಜಿರಲೆ ಬೇರೆ. ಪರೀಕ್ಷೆಗೆ ಮಾತ್ರ ತೆಗೆಯಿರಿ.

3. ಮಷಿನ್ ಇಟ್ಟ ಜಾಗ

ನಮ್ಮಲ್ಲಿ ಮಾರುವ ಕಂಪ್ಯೂಟರ್ ಟೇಬಲ್‌ಗಳಲ್ಲಿ ಕ್ಯಾಬಿನೆಟ್‌ಗೆಂದೇ ಒಂದು ಗೂಡು ಇರುತ್ತದೆ. ಮೂರು ಕಡೆ ಪ್ಲೈವುಡ್, ಕೆಲವದಕ್ಕೆ ಮುಂದೆ ಬಾಗಿಲೂ ಇರುತ್ತದೆ. ಹಿಂದಿನಿಂದ ಹೊರಟ ಬಿಸಿ ಗಾಳಿ ಹಲಗೆಗೆ ಬಡಿದು, ಪಕ್ಕದಿಂದ ತಿರುಗಿ ಮುಂದಕ್ಕೆ ಬಂದು ಮತ್ತೆ ಒಳಗೇ ಹೋಗುತ್ತದೆ. ಮಷಿನ್‌ನ ಪಾಲಿಗೆ ಕೋಣೆ 36 ಅಲ್ಲ, 45. ಹಾಗಾಗಿ ಗೂಡಿನಿಂದ ಹೊರಗೆ ತೆಗೆದು ಇಡುವುದೇ ಎಷ್ಟೋ ಕಡೆ ಎಲ್ಲಕ್ಕಿಂತ ದೊಡ್ಡ ಸುಧಾರಣೆ. ತೆಗೆಯಲು ಜಾಗವೇ ಇಲ್ಲದಿದ್ದರೆ ಟೇಬಲ್‌ನ ಹಿಂದಿನ ಹಲಗೆಯನ್ನಾದರೂ ಬಿಚ್ಚಿಸಿ. ಕ್ಯಾಬಿನೆಟ್ ಹಿಂಭಾಗಕ್ಕೂ ಗೋಡೆಗೂ ಕನಿಷ್ಠ ಒಂದು ಗೇಣು ಬಿಡಿ, ಮೇಲೆ ಜಾಲರಿ ಇದ್ದರೆ ಅಲ್ಲೂ ಅಷ್ಟೇ. ಮೇಲಿನ ಜಾಲರಿಯ ಮೇಲೆ ಫೈಲ್, ಬಿಲ್‌ಬುಕ್, ಹೆಲ್ಮೆಟ್ ಇಡಬೇಡಿ.

ನೆಲದ ಮೇಲೆ ನೇರವಾಗಿ ಇಡುವುದೂ ಒಳ್ಳೆಯದಲ್ಲ. ದಿನಾ ಕಸ ಗುಡಿಸುವಾಗ ಏಳುವ ದೂಳು ಪೂರ್ತಿ ಕೆಳಗಿನ ಫ್ಯಾನ್‌ಗೆ ಹೋಗುತ್ತದೆ, ನೆಲ ಒರೆಸುವಾಗ ನೀರು ಸಿಡಿಯುತ್ತದೆ. ನಾಲ್ಕೈದು ಇಂಚು ಎತ್ತರದ ಸ್ಟ್ಯಾಂಡ್ ಅಥವಾ ಎರಡು ಇಟ್ಟಿಗೆ ಸಾಕು. ಯುಪಿಎಸ್ ಕೂಡ ಬಿಸಿ ಬಿಡುವ ಪೆಟ್ಟಿಗೆಯೇ, ಅದನ್ನು ಕ್ಯಾಬಿನೆಟ್‌ನ ಮುಂಭಾಗದ ಎದುರು ಇಡಬೇಡಿ. ಜೆರಾಕ್ಸ್ ಅಂಗಡಿಯವರು ಝೆರಾಕ್ಸ್ ಮಷಿನ್‌ನಿಂದ ಸ್ವಲ್ಪ ದೂರ ಇಡಿ. ಕಾಗದದ ನುಣುಪು ಪುಡಿ ಮತ್ತು ಟೋನರ್ ಪುಡಿ ಫಿಲ್ಟರ್‌ಗೆ ಅಂಟಿಕೊಂಡರೆ ಕೊಡವಿದರೂ ಹೋಗುವುದಿಲ್ಲ.

ಪಡುವಣ ಗೋಡೆಗೆ ಒರಗಿಸಿ ಇಟ್ಟವರು ಜಾಗ ಬದಲಿಸಿ. ಮಧ್ಯಾಹ್ನ ಮೂರರಿಂದ ಆ ಗೋಡೆ ಕಾಯುತ್ತಾ ಹೋಗುತ್ತದೆ. ಮೇಲಂತಸ್ತಿನ ಆರ್‌ಸಿಸಿ ಚಾವಣಿ ರಾತ್ರಿ ಹತ್ತಾದರೂ ಹಗಲು ಕುಡಿದ ಬಿಸಿಯನ್ನು ಕೆಳಗೆ ಬಿಡುತ್ತಿರುತ್ತದೆ. ಶೀಟಿನ ಮನೆಯಲ್ಲಿ ಹಗಲಿನ ಝಳ ಇನ್ನೂ ಜೋರು. ಅಂಥ ಕಡೆ ದೊಡ್ಡ ರೆಂಡರ್‌ಗಳನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ನಾಲ್ಕು ಗಂಟೆಗೆ ಕೋಣೆ ಹಗಲಿಗಿಂತ ಎಂಟು, ಹತ್ತು ಡಿಗ್ರಿ ತಣ್ಣಗಿದ್ದರೆ ಪ್ರೊಸೆಸರ್ ಕೂಡ ಹೆಚ್ಚು ಕಡಿಮೆ ಅಷ್ಟೇ ತಣ್ಣಗಿರುತ್ತದೆ.

ಏರ್ ಕೂಲರ್ ಬಗ್ಗೆ ಬಹಳ ಜನ ಕೇಳುತ್ತಾರೆ. ನಮ್ಮದು ಒಣ ಬಿಸಿಲು, ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕೋಣೆ ತಣ್ಣಗಾದರೆ ಮಷಿನ್‌ಗೂ ಲಾಭವೇ. ಆದರೆ ಅದರ ಮುಖವನ್ನು ಕ್ಯಾಬಿನೆಟ್‌ಗೆ ತಿರುಗಿಸಬೇಡಿ. ಪ್ಯಾಡ್‌ನಿಂದ ಹಾರುವ ಸಣ್ಣ ಹನಿಗಳಲ್ಲಿ ಬೋರ್‌ವೆಲ್ ನೀರಿನ ಉಪ್ಪು ಇರುತ್ತದೆ, ಅದು ಬೋರ್ಡ್ ಮೇಲೆ ಒಣಗಿ ಕೂರುತ್ತದೆ. ತೇವ ಗಾಳಿಗೆ ದೂಳೂ ಸೇರಿದರೆ ಹೀಟ್‌ಸಿಂಕ್ ಮೇಲೆ ಕೆಸರಿನ ಪದರ ಕಟ್ಟುತ್ತದೆ. ಕೂಲರ್ ಓಡುವಾಗ ಒಂದು ಕಿಟಕಿ ತೆರೆದಿಡಿ. ಮಳೆಗಾಲದಲ್ಲಿ ಅದರಿಂದ ಉಪಯೋಗವಿಲ್ಲ, ತೇವ ಮಾತ್ರ ಹೆಚ್ಚುತ್ತದೆ.

4. ದೂಳು ತೆಗೆಯುವುದು

ಎರಡು ಜಿಲ್ಲೆಯಲ್ಲೂ ದೂಳು ಒಂದೇ ಥರ ಇಲ್ಲ. ಭದ್ರಾ ನಾಲೆಯ ಭತ್ತದ ಕಡೆ ಮಿಲ್ಲಿನ ಹೊಟ್ಟು, ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ಹಗುರವಾದ ರವುದಿ. ಚಿತ್ರದುರ್ಗದ ಕಡೆ ಗಾಳಿಯೇ ಬೇರೆ. ಜೋಗಿಮಟ್ಟಿ ಸಾಲಿನ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಆ ಗಾಳಿ ಕಿಟಕಿಯಿಂದ ನುಣ್ಣನೆಯ ಮಣ್ಣನ್ನು ಒಳಗೆ ತಂದು ಹಾಕುತ್ತದೆ. ಹೊಟ್ಟನ್ನು ಜಾಲರಿ ತಡೆಯುತ್ತದೆ. ನುಣ್ಣನೆ ಮಣ್ಣು ಜಾಲರಿ ದಾಟಿ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕೂರುತ್ತದೆ. ಫ್ಯಾನ್‌ಗೂ ರೆಕ್ಕೆಗಳಿಗೂ ನಡುವೆ ಕಂಬಳಿಯಂತೆ ಕಟ್ಟಿದ ಆ ಪದರ ಮೇಲಿಂದ ಕಾಣುವುದೇ ಇಲ್ಲ, ಫ್ಯಾನ್ ಬಿಚ್ಚಿದಾಗಲೇ ಗೊತ್ತಾಗುವುದು.

ಮಷಿನ್ ಆಫ್ ಮಾಡಿ, ವೈರ್ ಕೀಳಿ. ಆಮೇಲೆ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಇಳಿದು ಹೋಗುತ್ತದೆ. ಕ್ಯಾಬಿನೆಟ್ ಅನ್ನು ವರಾಂಡಕ್ಕೋ ಮಾಳಿಗೆಗೋ ಒಯ್ಯಿರಿ. ಒಳಗೆ ಕೈ ಹಾಕುವ ಮುಂಚೆ ಬಣ್ಣ ಇಲ್ಲದ ಲೋಹದ ಭಾಗವನ್ನು ಮುಟ್ಟಿ. ಚಳಿಗಾಲದ ಒಣ ಹವೆಯಲ್ಲಿ ಮೈಮೇಲಿನ ಸ್ಥಿರ ವಿದ್ಯುತ್ ಚಿಪ್‌ಗೆ ಹಾನಿ ಮಾಡಬಲ್ಲದು. ಬ್ರಷ್‌ನಿಂದ ಸಡಿಲಿಸಿ, ಕೈ ಬ್ಲೋವರ್‌ನಿಂದ ಊದಿ. ಊದುವಾಗ ಪ್ರತಿ ಫ್ಯಾನ್‌ನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಲೇಬೇಕು. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಗಾಳಿ ಬರುವ ದಿಕ್ಕಿಗೆ ಎದುರಾಗಿ, ಅಂದರೆ ಒಳಗಿನಿಂದ ಹೊರಕ್ಕೆ ಊದಿದರೆ ಕಟ್ಟಿದ ಪದರ ಇಡಿಯಾಗಿ ಕಿತ್ತು ಬರುತ್ತದೆ.

ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಒಯ್ದು ಊದಿಸುವ ಅಭ್ಯಾಸ ಇದೆ. ದಯವಿಟ್ಟು ಬೇಡ. ಆ ಟ್ಯಾಂಕ್‌ನಲ್ಲಿ ನೀರು, ಎಣ್ಣೆ ಎರಡೂ ಇರುತ್ತದೆ, ಒತ್ತಡವೂ ಬೋರ್ಡ್‌ಗೆ ತೀರಾ ಜಾಸ್ತಿ. ಒದ್ದೆ ಬಟ್ಟೆಯೂ ಬೇಡ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು. ಹೊರಗಿನ ಜಾಲರಿಯಿಂದಲೇ ಊದಿ ಬಿಡಿ.

ಕ್ಯಾಬಿನೆಟ್‌ನ ಫಿಲ್ಟರ್‌ಗಳನ್ನು ನೀರಿನಲ್ಲಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೆ ಹಾಕಿ. ಫಿಲ್ಟರ್ ಇಲ್ಲದ ಕ್ಯಾಬಿನೆಟ್‌ಗೆ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಕತ್ತರಿಸಿ ಮುಂದಿನ ಫಲಕದ ಒಳಗೆ ಅಂಟಿಸಿದರೂ ನಡೆಯುತ್ತದೆ. ನುಣ್ಣನೆ ದೂಳನ್ನು ಅದು ತಡೆಯುವುದಿಲ್ಲ, ಆದರೆ ಹೊಟ್ಟು, ಕೂದಲು, ಹುಳು ಒಳಗೆ ಬರುವುದಿಲ್ಲ. ತೀರಾ ಒತ್ತೊತ್ತಾದ ಬಟ್ಟೆ ಕಟ್ಟಿದರೆ ಗಾಳಿಯೂ ನಿಲ್ಲುತ್ತದೆ.

5. ಫ್ಯಾನ್: ಎಷ್ಟು, ಎಲ್ಲಿ, ಯಾವ ದಿಕ್ಕಿಗೆ

ಈಗ ಲೆಕ್ಕಕ್ಕೆ ಬರೋಣ. ಮಷಿನ್ ಎಷ್ಟು ವಾಟ್ ಎಳೆಯುತ್ತದೋ ಅಷ್ಟೂ ಕೊನೆಗೆ ಬಿಸಿಯೇ ಆಗುತ್ತದೆ. ಆ ವಾಟ್ ಅನ್ನು 1.76ರಿಂದ ಗುಣಿಸಿ, ಕ್ಯಾಬಿನೆಟ್ ಮೂಲಕ ಹಾಯುವ ಗಾಳಿಯ ಸಿಎಫ್‌ಎಂನಿಂದ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಎಂಬುದರಿಂದ, ಭಾಗಿಸಿ. ಒಳಗೆ ಬಂದ ಗಾಳಿ ಹೊರಗೆ ಹೋಗುವಾಗ ಎಷ್ಟು ಡಿಗ್ರಿ ಬಿಸಿಯಾಗಿರುತ್ತದೆ ಎಂದು ಸಿಗುತ್ತದೆ. 350 ವಾಟ್‌ನ ಮಷಿನ್‌ಗೆ 100 ಸಿಎಫ್‌ಎಂ ಗಾಳಿ ಹಾದರೆ ಏರಿಕೆ 6 ಡಿಗ್ರಿ ಮಾತ್ರ. 35 ಸಿಎಫ್‌ಎಂ ಹಾದರೆ ಸುಮಾರು 18 ಡಿಗ್ರಿ. ಕೋಣೆ 37 ಇದ್ದಾಗ ಒಳಗಿನ ಗಾಳಿ 43 ಇರುತ್ತದೋ 55 ಇರುತ್ತದೋ ಎಂಬುದನ್ನು ಇದೇ ತೀರ್ಮಾನಿಸುವುದು. 100ರಿಂದ 200ಕ್ಕೆ ಹೋದರೆ ಸಿಗುವುದು ಇನ್ನು 3 ಡಿಗ್ರಿ ಅಷ್ಟೇ. ಹಾಗಾಗಿ ಆರು, ಒಂಬತ್ತು ಫ್ಯಾನ್ ತುಂಬುವುದರಲ್ಲಿ ಹುರುಳಿಲ್ಲ. ಪೆಟ್ಟಿಗೆಯ ಮೇಲೆ ಬರೆದ ಸಿಎಫ್‌ಎಂ ಎದುರಿಗೆ ಏನೂ ಅಡ್ಡ ಇಲ್ಲದಾಗಿನದು ಎಂಬುದನ್ನೂ ನೆನಪಿಡಿ. ಜಾಲರಿ, ಫಿಲ್ಟರ್ ದಾಟಿ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ.

ನಮ್ಮ ಊರಿಗೆ ನಾನು ಹೇಳುವುದು ಒಂದೇ ಜೋಡಣೆ: ಮುಂದೆ ಒಳಗೆ ಎಳೆಯುವ ಎರಡು 120 ಮಿ.ಮೀ. ಫ್ಯಾನ್ (ಜಾಗ ಇದ್ದರೆ 140), ಹಿಂದೆ ಹೊರಗೆ ತಳ್ಳುವ ಒಂದು 120. ಒಳಗೆ ಬರುವುದು ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ, ಹೆಚ್ಚಾದ ಗಾಳಿ ಸಣ್ಣಪುಟ್ಟ ಸಂದುಗಳಿಂದ ಹೊರಗೆ ತಳ್ಳಲ್ಪಡುತ್ತದೆ. ದೂಳು ಒಳಗೆ ಬರಬೇಕಾದರೆ ಫಿಲ್ಟರ್ ದಾಟಿಯೇ ಬರಬೇಕು. ಹೊರಗೆ ತಳ್ಳುವ ಫ್ಯಾನ್‌ಗಳೇ ಜಾಸ್ತಿಯಾದರೆ ಕ್ಯಾಬಿನೆಟ್‌ನ ಪ್ರತಿ ಸಂದೂ ದೂಳು ಹೀರುವ ಬಾಯಿಯಾಗುತ್ತದೆ. ಹಿಂದೆ ಮಾತ್ರ ಒಂದು ಫ್ಯಾನ್ ಇರುವ ಅಗ್ಗದ ಕ್ಯಾಬಿನೆಟ್‌ಗಳ ಒಳಗೆ ಅಷ್ಟು ದೂಳು ತುಂಬುವುದು ಇದರಿಂದಲೇ. ಫಿಲ್ಟರ್ ಕಟ್ಟಿದರೂ ಹೀಗೇ ಆಗುತ್ತದೆ ಎಂಬುದು ಗಮನದಲ್ಲಿರಲಿ.

ಮೇಲ್ಭಾಗದಲ್ಲಿ ಫ್ಯಾನ್ ಬೇಕೇ ಬೇಕು ಎಂದರೆ ಹಿಂದಿನ ಮೂಲೆಗೆ, ಪ್ರೊಸೆಸರ್ ಕೂಲರ್‌ನ ಹಿಂಬದಿಗೆ ಬರುವಂತೆ ಒಂದು ಹಾಕಿ, ಹೊರಗೆ ತಳ್ಳುವಂತೆ. ಮೇಲೆ ಮುಂದಿನ ಮೂಲೆಯಲ್ಲಿ ಹಾಕಿದರೆ ಮುಂದಿನಿಂದ ಬಂದ ತಣ್ಣನೆ ಗಾಳಿ ಯಾವ ಕೆಲಸಕ್ಕೂ ಬಾರದೆ ನೇರ ಮೇಲಕ್ಕೆ ಹೊರಟು ಹೋಗುತ್ತದೆ. "ಬಿಸಿ ಗಾಳಿ ಮೇಲಕ್ಕೇ ಏರುತ್ತದಲ್ಲ" ಎಂದು ಕೇಳುತ್ತಾರೆ. ನಿಜ, ಆದರೆ ಫ್ಯಾನ್ ಓಡುತ್ತಿರುವ ಪೆಟ್ಟಿಗೆಯಲ್ಲಿ ಆ ಏರಿಕೆಯ ಬಲ ತೀರಾ ಸಣ್ಣದು. ಗಾಳಿ ಫ್ಯಾನ್ ಹೇಳಿದ ಕಡೆಗೇ ಹೋಗುತ್ತದೆ.

ದಿಕ್ಕು ಗುರುತಿಸುವುದು ಸುಲಭ. ಚೌಕಟ್ಟಿನ ಅಡ್ಡಪಟ್ಟಿಗಳು ಇರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ. ಕೆಲವು ಫ್ಯಾನ್‌ಗಳ ಅಂಚಿನಲ್ಲಿ ಬಾಣದ ಗುರುತೂ ಇರುತ್ತದೆ. ನೋಟಕ್ಕಾಗಿ ಮಾಡಿದ ರಿವರ್ಸ್ ಬ್ಲೇಡ್ ಫ್ಯಾನ್‌ಗಳಲ್ಲಿ ಮಾತ್ರ ಇದು ಉಲ್ಟಾ. ಅನುಮಾನ ಇದ್ದರೆ ತೆಳ್ಳನೆಯ ಟಿಶ್ಯೂ ಕಾಗದ ಹಿಡಿದು ನೋಡಿ. ಎಲ್ಲ ಮುಚ್ಚಿದ ಮೇಲೆ ಒಂದು ಊದಿನಕಡ್ಡಿ ಹಚ್ಚಿ ಮುಂದೆ, ಹಿಂದೆ, ಸಂದುಗಳ ಹತ್ತಿರ ನಿಧಾನಕ್ಕೆ ಆಡಿಸಿದರೆ ಹೊಗೆ ಎಲ್ಲಿ ಒಳಗೆ ಎಳೆಯಲ್ಪಡುತ್ತದೆ, ಎಲ್ಲಿ ಹೊರಗೆ ತಳ್ಳಲ್ಪಡುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಬೂದಿ ಬೀಳದಂತೆ ದೂರ ಹಿಡಿಯಿರಿ.

ಕೊಳ್ಳುವಾಗ ನಾಲ್ಕು ಪಿನ್‌ನ ಪಿಡಬ್ಲ್ಯೂಎಂ ಫ್ಯಾನ್ ಕೇಳಿ, ವೇಗವನ್ನು ನಿಖರವಾಗಿ ಹತೋಟಿಯಲ್ಲಿ ಇಡಬಹುದು. ಮೂರು ಪಿನ್‌ನದ್ದೂ ನಡೆಯುತ್ತದೆ, ಅದಕ್ಕೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ, 9ನೇ ಹಂತ ನೋಡಿ) ಡಿಸಿ ಮೋಡ್ ಆರಿಸಬೇಕು. ಪವರ್ ಸಪ್ಲೈಗೆ ನೇರ ಸಿಕ್ಕಿಸುವ ಮೋಲೆಕ್ಸ್ ಫ್ಯಾನ್ ಯಾವಾಗಲೂ ಪೂರ್ತಿ ವೇಗದಲ್ಲಿ ಕೂಗುತ್ತದೆ. ಮುಂದೆ ಫಿಲ್ಟರ್ ಇರುವಲ್ಲಿ ಸ್ಟ್ಯಾಟಿಕ್ ಪ್ರೆಷರ್, ಅಂದರೆ ಅಡ್ಡ ಇದ್ದರೂ ಗಾಳಿ ತಳ್ಳುವ ಬಲ, ಹೆಚ್ಚಿರುವ ಮಾದರಿ ಹಾಕಿ. ಮದರ್‌ಬೋರ್ಡ್‌ನ ಒಂದು ಫ್ಯಾನ್ ಜಾಗ ಸಾಮಾನ್ಯವಾಗಿ 1 ಆಂಪಿಯರ್ ಕೊಡುತ್ತದೆ. ಫ್ಯಾನ್ ಮೇಲಿನ ಆಂಪಿಯರ್ ನೋಡಿ, ಸ್ಪ್ಲಿಟರ್‌ನಿಂದ ಎರಡು ಮೂರನ್ನು ಸೇರಿಸಬಹುದು. ಬಣ್ಣದ ದೀಪ ಇರುವ ಫ್ಯಾನ್ ಆದರೆ ಆ ದೀಪದ ವೈರ್‌ನಲ್ಲಿ ಮಾತ್ರ ಹುಷಾರು: 5 ವೋಲ್ಟ್‌ನ ಮೂರು ಪಿನ್ ಎಆರ್‌ಜಿಬಿ ದೀಪವನ್ನು 12 ವೋಲ್ಟ್‌ನ ಆರ್‌ಜಿಬಿ ಜಾಗಕ್ಕೆ ಒತ್ತಿ ಹಾಕಿದರೆ ದೀಪ ಸುಟ್ಟುಹೋಗುತ್ತದೆ.

ಪವರ್ ಸಪ್ಲೈ ಕೆಳಗಿದ್ದು, ಕೆಳಗೆ ಫಿಲ್ಟರ್ ಮತ್ತು ಜಾಗ ಎರಡೂ ಇದ್ದರೆ ಅದರ ಫ್ಯಾನ್ ಕೆಳಮುಖವಾಗಿರಲಿ. ಕೆಳಗೆ ತೂತೇ ಇಲ್ಲದ ಕ್ಯಾಬಿನೆಟ್ ಆದರೆ ಮೇಲ್ಮುಖ.

6. ವೈರ್‌ಗಳು

ಇದರ ಬಗ್ಗೆ ಮಾತು ಜಾಸ್ತಿ, ಲಾಭ ಕಡಿಮೆ. ಮುಂದಿನ ಫ್ಯಾನ್ ಮತ್ತು ಗ್ರಾಫಿಕ್ಸ್ ಕಾರ್ಡ್ ನಡುವೆ ದಪ್ಪ ಗೊಂಚಲು ನಿಂತಿರಬಾರದು, ಯಾವ ವೈರೂ ಫ್ಯಾನ್‌ನ ರೆಕ್ಕೆಗೆ ತಾಗಬಾರದು. ಬೋರ್ಡ್ ತಟ್ಟೆಯ ಹಿಂದೆ ಎಳೆದು ಜಿಪ್ ಟೈ ಹಾಕಿದರೆ ಮುಗಿಯಿತು. ಇದಕ್ಕಿಂತ ಹೆಚ್ಚಿನ ಉಪಯೋಗ ಆಗುವುದು ಖಾಲಿ ಹಾರ್ಡ್‌ಡಿಸ್ಕ್ ಗೂಡನ್ನು ಬಿಚ್ಚಿ ತೆಗೆದರೆ. ಮುಂದಿನ ಫ್ಯಾನ್‌ನ ಎದುರಿಗೇ ಅದು ಗೋಡೆಯಂತೆ ನಿಂತಿರುತ್ತದೆ.

7. ಪ್ರೊಸೆಸರ್ ಕೂಲರ್ ಮತ್ತು ಪೇಸ್ಟ್

ಎರಡನೇ ಹಂತದಲ್ಲಿ ಬಾಗಿಲು ತೆಗೆದರೂ ಉಷ್ಣತೆ ಇಳಿಯದವರು ಇಲ್ಲಿ ಗಮನ ಕೊಡಿ. ಇಂಟೆಲ್ ಜೊತೆಗೆ ಬರುವ ಕೂಲರ್‌ನಲ್ಲಿ ನಾಲ್ಕು ಪ್ಲಾಸ್ಟಿಕ್ ಗೂಟಗಳಿರುತ್ತವೆ. ಒಂದು ಸಡಿಲಾದರೂ ಕೂಲರ್ ಓರೆಯಾಗುತ್ತದೆ. ಸುಮ್ನೆ ಡೆಸ್ಕ್‌ಟಾಪ್ ತೆರೆದಿಟ್ಟಾಗಲೇ 70 ದಾಟುತ್ತಿದ್ದರೆ ಮೊದಲು ಈ ಗೂಟಗಳನ್ನೇ ಅನುಮಾನಿಸಿ. ಬೋರ್ಡ್‌ನ ಹಿಂಬದಿಯಲ್ಲಿ ನಾಲ್ಕೂ ಗೂಟದ ತುದಿ ಪೂರ್ತಿ ಹೊರಗೆ ಬಂದಿರಬೇಕು.

ಪೇಸ್ಟ್ ವರ್ಷಗಳು ಕಳೆದಂತೆ ಒಣಗುತ್ತದೆ. ಕೂಲರ್ ತೆಗೆಯುವ ಮುಂಚೆ ಮಷಿನ್ ಅನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗಾಗಲು ಬಿಡಿ. ಎಎಂ4 ಎಂಬ ಸಾಕೆಟ್‌ನಲ್ಲಿ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಕೂರುವ ರೈಜೆನ್‌ಗಳಲ್ಲಿ ಇದು ಬಹಳ ಮುಖ್ಯ. ಗಟ್ಟಿಯಾದ ಪೇಸ್ಟ್ ಇದ್ದಾಗ ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಆಫ್ ಮಾಡಿ, ವೈರ್ ಕಿತ್ತು, ಕೂಲರ್ ಅನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಸಡಿಲವಾದ ಮೇಲೆ ಎತ್ತಿ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಎರಡೂ ಮುಖ ಒರೆಸಿ. ನಡುವೆ ನಾಲ್ಕೈದು ಮಿ.ಮೀ. ಅಗಲದ ಒಂದು ಚುಕ್ಕೆ ಪೇಸ್ಟ್ ಇಡಿ, ದೊಡ್ಡ ಪ್ರೊಸೆಸರ್ ಆದರೆ ಸ್ವಲ್ಪ ಹೆಚ್ಚು. ಬೆರಳಿಂದ ಹರಡಬೇಡಿ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಕೂಲರ್ ಬದಲಿಸುವುದಾದರೆ ಎತ್ತರದ ಟವರ್ ಮಾದರಿ ಒಳ್ಳೆಯದು, ಅದರ ಗಾಳಿ ಹಿಂದಿನ ಫ್ಯಾನ್ ಕಡೆಗೇ ಹೋಗುವಂತೆ ಕೂರಿಸಿ. ಕ್ಯಾಬಿನೆಟ್‌ನ ಅಗಲ ಸಾಲುತ್ತದೆಯೇ ಎಂದು ಮೊದಲೇ ಅಳೆಯಿರಿ. ನೀರಿನ ಕೂಲಿಂಗ್ ಹಾಕಿಸಿ ಎಂದು ಅಂಗಡಿಯವರು ಹೇಳಬಹುದು. ಅದೂ ಕೊನೆಗೆ ಬಿಸಿ ಬಿಡುವುದು ಇದೇ 37 ಡಿಗ್ರಿಯ ಕೋಣೆಗೆ. ಕೋಣೆಗಿಂತ ತಣ್ಣಗೆ ಅದೂ ಮಾಡಲಾರದು. 200 ವಾಟ್ ದಾಟುವ ಪ್ರೊಸೆಸರ್ ಇಲ್ಲದವರಿಗೆ ಅದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

8. ಗ್ರಾಫಿಕ್ಸ್ ಕಾರ್ಡ್

ಗೇಮಿಂಗ್ ಮಷಿನ್‌ನಲ್ಲಿ ಹೆಚ್ಚು ಬಿಸಿ ಬರುವುದು ಇಲ್ಲಿಂದ. ಕಾರ್ಡ್‌ನ ಫ್ಯಾನ್‌ಗಳು ಕೆಳಗಿನಿಂದ ಗಾಳಿ ಎಳೆಯುತ್ತವೆ, ಹಾಗಾಗಿ ಮುಂದಿನ ಎರಡು ಫ್ಯಾನ್‌ಗಳಲ್ಲಿ ಒಂದು ಕಾರ್ಡ್‌ನ ಮಟ್ಟಕ್ಕೋ ಅದಕ್ಕಿಂತ ಸ್ವಲ್ಪ ಕೆಳಗೋ ಇರಲಿ. ಕಾರ್ಡ್‌ನ ಕೆಳಗಿನ ಸ್ಲಾಟ್‌ನಲ್ಲಿ ವೈಫೈ ಕಾರ್ಡ್‌ನಂಥದ್ದು ಒತ್ತಿಕೊಂಡಿದ್ದರೆ ದೂರದ ಸ್ಲಾಟ್‌ಗೆ ಹಾಕಿ. ಎಚ್‌ಡಬ್ಲ್ಯೂಇನ್‌ಫೋ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿಯಾದ ಜಾಗ) ಎಂಬ ಸಾಲು ತೋರಿಸಿದರೆ ನೋಡಿ. ಕಾರ್ಡ್‌ನ ಉಷ್ಣತೆಗಿಂತ ಅದು 10ರಿಂದ 15 ಡಿಗ್ರಿ ಹೆಚ್ಚಿರುವುದು ಸಹಜ. 25-30 ಹೆಚ್ಚಿದ್ದರೆ ಕಾರ್ಡ್‌ನ ಪೇಸ್ಟ್ ಕೆಲಸ ಮಾಡುತ್ತಿಲ್ಲ. ವಾರಂಟಿ ಇದ್ದರೆ ನೀವೇ ಬಿಚ್ಚಬೇಡಿ.

9. ಬಯಾಸ್‌ನಲ್ಲಿ ಫ್ಯಾನ್ ವೇಗ, ವಾಟ್ ಮಿತಿ

ಮಷಿನ್ ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ಫ್ಯಾನ್‌ನ ಪುಟಕ್ಕೆ ಆಸುಸ್ ಬೋರ್ಡ್‌ನಲ್ಲಿ ಕ್ಯೂ-ಫ್ಯಾನ್ ಎಂದೂ ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್ ಎಂದೂ ಹೆಸರು. ಪ್ರೊಸೆಸರ್ ಫ್ಯಾನ್‌ಗೆ 50 ಡಿಗ್ರಿಗೆ ಶೇ 40, 70ಕ್ಕೆ ಶೇ 65, 80ಕ್ಕೆ ಶೇ 85, 88ಕ್ಕೆ ಪೂರ್ತಿ ಎಂದು ಶುರುಮಾಡಿ. ಪ್ರೊಸೆಸರ್ ಉಷ್ಣತೆ ಸೆಕೆಂಡಿನಲ್ಲಿ ಹತ್ತು ಡಿಗ್ರಿ ಹಾರುತ್ತದೆ, ಅದಕ್ಕೆ ತಕ್ಕ ಹಾಗೆ ಫ್ಯಾನ್ ಏರಿಳಿದರೆ ಸದ್ದು ತಲೆನೋವು. ಸ್ಟೆಪ್ ಅಪ್ ಎಂಬಲ್ಲಿ ಮೂರರಿಂದ ಐದು ಸೆಕೆಂಡ್ ತಡ ಇಡಿ. ಕ್ಯಾಬಿನೆಟ್ ಫ್ಯಾನ್‌ಗಳನ್ನು ಪ್ರೊಸೆಸರ್‌ಗಿಂತ ಗ್ರಾಫಿಕ್ಸ್ ಕಾರ್ಡ್‌ನ ಉಷ್ಣತೆಗೆ ಕಟ್ಟುವುದು ಗೇಮ್ ಆಡುವವರಿಗೆ ಒಳ್ಳೆಯದು. ಬಯಾಸ್‌ನಲ್ಲಿ ಇದು ಆಗದಿದ್ದರೆ ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಮಾಡುತ್ತದೆ. ಚಳಿಗಾಲದಲ್ಲಿ ಹೊಂದಿಸಿದ್ದನ್ನು ಮಾರ್ಚ್‌ನಲ್ಲಿ ಮತ್ತೊಮ್ಮೆ ನೋಡಿ.

ಇಷ್ಟಾದ ಮೇಲೂ ಏಪ್ರಿಲ್ ಮಧ್ಯಾಹ್ನ ಕಷ್ಟವಾದರೆ ಬಿಸಿಯನ್ನು ಹುಟ್ಟುವ ಕಡೆಯೇ ಕಡಿಮೆ ಮಾಡಿ. ಬಹಳಷ್ಟು ಮದರ್‌ಬೋರ್ಡ್‌ಗಳು ಇಂಟೆಲ್ ಪ್ರೊಸೆಸರ್‌ಗಳನ್ನು ವಾಟ್ ಮಿತಿಯೇ ಇಲ್ಲದೆ ಓಡಿಸುತ್ತವೆ. ಬಯಾಸ್‌ನಲ್ಲಿ ಇಂಟೆಲ್ ಹೇಳಿದ ಮಿತಿಯನ್ನೇ ಹಾಕಿ. ಉದಾಹರಣೆಗೆ ಐ5-12400ಕ್ಕೆ ಅದು 117 ವಾಟ್. 13, 14ನೇ ತಲೆಮಾರಿನ ಇಂಟೆಲ್ ಇರುವವರು ಬಯಾಸ್ ಅನ್ನೂ ಅಪ್‌ಡೇಟ್ ಮಾಡಿಸಿ, ಅವುಗಳ ವೋಲ್ಟೇಜ್ ತೊಂದರೆಗೆ 2024ರಲ್ಲಿ ಇಂಟೆಲ್ ಸರಿಪಡಿಕೆ ಬಿಟ್ಟಿದೆ. ರೈಜೆನ್‌ನಲ್ಲಿ ಕಡಿಮೆ ವಾಟ್‌ನಲ್ಲಿ ಓಡಿಸುವ ಇಕೋ ಮೋಡ್ ಇದೆ. 65 ವಾಟ್‌ನ ಇಕೋ ಮೋಡ್‌ನಲ್ಲಿ ಪ್ರೊಸೆಸರ್ ಎಳೆಯುವುದು ಹೆಚ್ಚೆಂದರೆ 88 ವಾಟ್. ಗ್ರಾಫಿಕ್ಸ್ ಕಾರ್ಡ್‌ಗೆ ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಅನ್ನು ಶೇ 80ಕ್ಕೆ ಇಳಿಸಿ ನೋಡಿ. ವೇಗ ಸ್ವಲ್ಪ ಇಳಿಯುತ್ತದೆ, ಬಿಸಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಕೂಡ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತದೆ.

10. ಮತ್ತೆ ಅಳೆಯಿರಿ, ಬರೆದಿಡಿ

ಒಂದು ಬದಲಾವಣೆ ಮಾಡಿ, ಮೊದಲಿನ ಕೆಲಸವನ್ನೇ ಓಡಿಸಿ, ಕೋಣೆಯ ಉಷ್ಣತೆ ಕಳೆದು, ಅದೇ ಹಾಳೆಯಲ್ಲಿ ಬರೆಯಿರಿ. ಎರಡು ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಲಾಭವಾಯಿತು ಎಂದು ತಿಳಿಯುವುದಿಲ್ಲ. ಆ ಹಾಳೆಯನ್ನು ಮಡಚಿ ಕ್ಯಾಬಿನೆಟ್‌ನ ಬದಿಗೆ ಹೊರಗಿನಿಂದ ಅಂಟಿಸಿಬಿಡಿ, ಮುಂದೆ ರಿಪೇರಿಗೆ ಬರುವವರಿಗೂ ಸಹಾಯವಾಗುತ್ತದೆ.

ಮುಂದಿನ ಫಿಲ್ಟರ್ ತಿಂಗಳಿಗೊಮ್ಮೆ, ಮೆಕ್ಕೆಜೋಳದ ಸುಗ್ಗಿಯಲ್ಲಿ ಮತ್ತು ಚಿತ್ರದುರ್ಗದ ಗಾಳಿಕಾಲದಲ್ಲಿ ವಾರಕ್ಕೊಮ್ಮೆ. ಒಳಗಿನ ಪೂರ್ತಿ ದೂಳು ವರ್ಷಕ್ಕೆ ಎರಡು ಸಲ: ದೀಪಾವಳಿ ಆದ ಮೇಲೆ ಒಂದು, ಯುಗಾದಿಗೆ ಮುಂಚೆ ಒಂದು. ಪೇಸ್ಟ್‌ಗೆ ತಾರೀಖು ಇಲ್ಲ. ಫಿಲ್ಟರ್ ತೊಳೆದು, ದೂಳು ಊದಿದ ಮೇಲೂ ಹಾಳೆಯಲ್ಲಿನ ವ್ಯತ್ಯಾಸ ಹಳೆಯದಕ್ಕಿಂತ 8-10 ಡಿಗ್ರಿ ಮೇಲೇ ನಿಂತಿದ್ದರೆ ಆಗ ಬದಲಿಸಿ.